ಮೇಲೊಬ್ಬ ಕುಳ್ಳ ಹಗ್ಗ ಹಿಡಿದಿದ್ದ

ಕೆಳಬೀದಿ
ಎಂಟನೇ ತಾರೀಖು, ಮಂಗಳವಾರ

ಚಿರಂಜೀವಿ ಉದ್ದಮ್ಮನಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಮೊದಲು ಕ್ಷಮೆ, ಆಮೇಲೆ ನೆಪ. ನನ್ನ ಮೊಣಕಾಲು ಹಿಡಿದುಕೊಂಡಿತ್ತು. ಕಾಗದ ಬರೆಯುವುದಕ್ಕೂ ಮೊಣಕಾಲಿಗೂ ಏನು ಸಂಬಂಧ ಎಂದು ನಿನ್ನ ಸೋದರತ್ತೆಯೂ ಕೇಳಿದಳು. "ನೀನೇನು ಕಾಲಲ್ಲಿ ಬರೀತೀಯಾ?" ಎಂದಳು. ನನ್ನ ಅಕ್ಷರ ಕಂಡವರಿಗೆ ಆ ಅನುಮಾನ ಬರುವುದು ಸಹಜ.

ನಿನ್ನ ಕಾಗದವನ್ನು ನನಗಿಂತ ಮೊದಲು ಓದಿದವಳು ಅವಳೇ. ಓದಿದ ಮೇಲೆ ಇಡೀ ಬೀದಿಗೆ ಓದಿ ಹೇಳಿದಳು. ನೀನಿರುವ ಊರಿನ ನೀರಗುಂಡಿಯಲ್ಲಿ ನಿನ್ನನ್ನು ಹಗ್ಗ ಹಿಡಿಯುವವಳನ್ನಾಗಿ ನೇಮಿಸಿದ್ದು, ಹದಿನೆಂಟನೇ ತಾರೀಖು ಶುಕ್ರವಾರ ಮಧ್ಯಾಹ್ನದ ಗಂಟೆ ಹೊಡೆದ ಮೇಲೆ ನಿನ್ನ ಮೊದಲ ಸರದಿ ಇರುವುದು, ಗುಂಡಿಗೆ ಇಳಿದು ತೂಬು ಬಿಡಿಸುವವಳು ನಿನ್ನ ಕೋಣೆಯ ಗೆಳತಿ, ಅದೇ ನಕ್ಕಾಗಲೆಲ್ಲ ಕೆಮ್ಮುವವಳು ಎಂಬುದು, ಎಲ್ಲವೂ ಈಗ ಬೀದಿಯ ಬೆಕ್ಕುಗಳಿಗೂ ಗೊತ್ತು.

"ನಮ್ಮ ಹುಡುಗಿ ಎಂಟನೇ ತಲೆ ಕಣ್ರೀ, ಎಂಟನೇ ತಲೆ!" ಎಂದು ಅತ್ತೆ ಕೂಗಿದರೆ, ಎಣ್ಣೆಯಂಗಡಿಯವಳು, "ತಲೆ ಎಷ್ಟಾದರೂ ಇರಲಿ, ಕೈ ಗಟ್ಟಿ ಇದೆಯಾ?" ಎಂದಳು. ಅಂದಿನಿಂದ ನಮ್ಮ ಮನೆಗೆ ಎಣ್ಣೆ ಪಕ್ಕದ ಬೀದಿಯಿಂದ ಬರುತ್ತಿದೆ.

ನನಗೆ ಹೆಮ್ಮೆಯಿಲ್ಲವೆಂದು ತಿಳಿಯಬೇಡ. ಈ ಬೆಟ್ಟದ ಹೊಟ್ಟೆಯೊಳಗೆ ಮೂರು ಸಾವಿರ ಕುಳ್ಳರಿದ್ದೇವೆ. ಪುಸ್ತಕದಲ್ಲಿ ಜಾಗ ಪಡೆದ ಮನೆತನ ನಮ್ಮದೊಂದೇ. ಎಂಥ ಪುಸ್ತಕ! ನಾನೂರ ಹನ್ನೆರಡು ಪುಟ. ಬರೆದವರು ಮೇಲುಲೋಕದ ಉದ್ದದವರು, ಹಾಗಾಗಿ ಪುಸ್ತಕವೂ ಉದ್ದ. ಕತ್ತಿವೀರನೊಬ್ಬ ಉರಿಹಾವನ್ನು ಕೊಂದ ಕಥೆ. ಅವನ ಕುದುರೆಗೆ ಮೂರು ಹೆಸರು. ಅದರ ಬಾಲಕ್ಕೆ ಒಂದೂವರೆ ಪುಟ. ಇನ್ನೂರ ಹದಿನೇಳನೇ ಪುಟದಲ್ಲಿ ವೀರ ಹಾವಿನ ಬಿಲಕ್ಕೆ ಇಳಿಯುತ್ತಾನೆ. ಅಲ್ಲಿ, ಪುಟದ ಬುಡದಲ್ಲಿ, ಬಾಲದ ವರ್ಣನೆ ಮುಗಿದು ಮಿಕ್ಕ ಶಾಯಿಯಲ್ಲಿ ಬರೆದಂತೆ ಒಂದು ಸಾಲು ಇದೆ: 'ಮೇಲೊಬ್ಬ ಕುಳ್ಳ ಹಗ್ಗ ಹಿಡಿದಿದ್ದ.'

ಆ ಕುಳ್ಳನೇ ನಮ್ಮ ಮೂಲಪುರುಷ, ಹಿಡಿದಜ್ಜ. ಪುಟ ತಿರುಗಿಸಿದರೆ ಹಾವು ಸತ್ತಿದೆ, ವೀರ ಅರಮನೆಯಲ್ಲಿ ಊಟಕ್ಕೆ ಕೂತಿದ್ದಾನೆ. ಅವನನ್ನು ಮೇಲೆಳೆದವರು ಯಾರು, ಎಳೆದವನಿಗೆ ಊಟವಾಯಿತೇ ಎಂದು ಕೇಳುವ ಪುರುಸೊತ್ತು ಬರೆದವನಿಗೆ ಇರಲಿಲ್ಲ. ಪುಸ್ತಕದ ಲೆಕ್ಕದಲ್ಲಿ ನಮ್ಮಜ್ಜ ಇವತ್ತಿಗೂ ಹಗ್ಗ ಹಿಡಿದು ಅಲ್ಲೇ ನಿಂತಿದ್ದಾನೆ. ಆ ನಾಲ್ಕು ಪದದ ಆಸ್ತಿಯ ಮೇಲೆ ಏಳು ತಲೆ ಬದುಕಿದ್ದೇವೆ. ಜೊತೆಗೆ ಅವನು ವೀರನ ಸೊಂಟಕ್ಕೆ ಹಾಕಿದ ಗಂಟು, ತಂದೆಯಿಂದ ಮಕ್ಕಳಿಗೆ ಕೈಯಿಂದ ಕೈಗೆ ಬಂದದ್ದು. ಏಳು ತಲೆಗೆ ಏಳು ಸುತ್ತು, ಒಂದೊಂದು ಸುತ್ತಿಗೂ ಒಬ್ಬೊಬ್ಬನ ಹೆಸರು.

ನೀನು ಗಂಟು ಹಾಕುವಾಗ ಗುಂಡಿಯ ಸುತ್ತಲಿನವರೆಲ್ಲ ಬೆನ್ನು ತಿರುಗಿಸಿ ಗೋಡೆ ನೋಡುತ್ತ ನಿಲ್ಲುತ್ತಾರೆ. ಮುಗಿದ ಮೇಲೆ ನೀನು ಗಂಟಿನ ಮೇಲೆ ತೊಗಲ ಪಟ್ಟಿ ಸುತ್ತಿ ಮುಚ್ಚುತ್ತೀಯ. ಒಂದು ಮನೆಯ ಗಂಟನ್ನು ಇನ್ನೊಂದು ಮನೆಯವರು ನೋಡುವುದೆಂದರೆ ಅವರ ದಿಂಬಿನ ಕೆಳಗೆ ಕೈ ಹಾಕಿದ ಹಾಗೆ. ಕುಳ್ಳರ ಮರ್ಯಾದೆ ಎಂದರೆ ಅದು.

ಇಷ್ಟೆಲ್ಲ ಪೀಠಿಕೆ ಒಂದು ಸಣ್ಣ ಮಾತಿಗೆ. ಶುಕ್ರವಾರ ನಮ್ಮ ಗಂಟು ಹಾಕಬೇಡ.

ಯಾವ ಮನೆತನಕ್ಕೂ ಸೇರದ ಸಾದಾ ಗಂಟೊಂದಿದೆ, ನಾರಜ್ಜನ ಗಂಟು. ಅದನ್ನು ಹಾಕು. ಹೌದು, ಅದೇ ನಾರಜ್ಜ. ನಿನ್ನಮ್ಮ ನಮ್ಮೂರ ತೂಬಿಗೆ ಇಳಿದ ದಿನ ಹರಿದುಹೋದ ಹಗ್ಗವನ್ನು ಹೊಸೆದವನು. ಅಂದಿನಿಂದ ಹತ್ತೊಂಬತ್ತು ವರ್ಷ ಈ ಊರಲ್ಲಿ ಯಾರೂ ಅವನ ಹಗ್ಗ ಮುಟ್ಟಿಲ್ಲ, ಕಾಲೊರಸು ನೇಯುತ್ತಾನೆ. ನಿನಗೆ ಅವನ ಹಗ್ಗ ಬೇಡ, ಗಂಟು ಸಾಕು. ಕಾರಣ ವಿಶೇಷವೇನಿಲ್ಲ. ಹಳೇ ಗಂಟು ಹಗ್ಗವನ್ನು ಸವೆಸುತ್ತದೆ ಎಂದು ಎಲ್ಲೋ ಕೇಳಿದೆ, ಅಷ್ಟೆ.

ಹೊಟ್ಟೆ ತುಂಬ ಉಣ್ಣು. ಅತ್ತೆ ಬೆಚ್ಚನೆಯ ಕಾಲುಚೀಲ ಹೆಣೆಯುತ್ತಿದ್ದಾಳೆ. ಎರಡೂ ಎಡಗಾಲಿನದೇ ಆಗಿವೆ. ಹೇಳಿದರೆ ನನ್ನ ಮೇಲೆ ಬೀಳುತ್ತಾಳೆ.

ಇತಿ ನಿನ್ನ
ಅಪ್ಪ


ಕೆಳಬೀದಿ
ಹನ್ನೆರಡನೇ ತಾರೀಖು, ಶನಿವಾರ

ಚಿರಂಜೀವಿ ಉದ್ದಮ್ಮನಿಗೆ ಆಶೀರ್ವಾದ.

ಈ ಸಲ ತಡವಿಲ್ಲ. ನಿನ್ನ ಉತ್ತರ ಬೆಳಗ್ಗೆ ಬಂತು, ಒಲೆ ಇನ್ನೂ ಹತ್ತಿರಲಿಲ್ಲ. ನಿನ್ನ ಕಾಗದದ ಬಿಸಿಗೇ ಹಾಲು ಉಕ್ಕಬಹುದಿತ್ತು.

"ಅಪ್ಪ, ನಿನಗೆ ಬುದ್ಧಿ ನೆಟ್ಟಗಿದೆಯಾ?" ಎಂದು ಶುರು ಮಾಡಿದ್ದೀಯ. ನನ್ನ ಬುದ್ಧಿಯ ವಿಚಾರ ಈ ಬೀದಿಯಲ್ಲಿ ಮೂವತ್ತು ವರ್ಷದಿಂದ ಚರ್ಚೆಯಲ್ಲಿದೆ, ತೀರ್ಮಾನವಾದೊಡನೆ ತಿಳಿಸುತ್ತೇನೆ. ಒಂಬತ್ತು ಜನ ಆ ಕೆಲಸ ಕೇಳಿದ್ದರೂ ಮೇಸ್ತ್ರಿ ಹಗ್ಗವನ್ನು ನಿನ್ನ ಕೈಗೆ ಕೊಟ್ಟದ್ದು ನಮ್ಮ ಮನೆಯ ಗಂಟಿನ ಹೆಸರಿಗೆ. ಮೊದಲ ದಿನವೇ ಹಾದಿಬೀದಿಯ ಗಂಟು ಹಾಕಿದರೆ ಮುಖ ಎಲ್ಲಿಡಲಿ ಎಂದು ಕೇಳಿದ್ದೀಯ. ನ್ಯಾಯವಾದ ಪ್ರಶ್ನೆ. ಉತ್ತರವಿಲ್ಲದ್ದರಿಂದ ನಮ್ಮ ವಂಶಚರಿತ್ರೆ ಹೇಳುತ್ತೇನೆ. ನೀನು ಗಂಟು ಹಾಕುವಾಗ ಹೇಳುವ ಹೆಸರುಗಳಿವೆಯಲ್ಲ, ಆ ಮಹಾನುಭಾವರು ಮಾಡಿದ್ದೇನು ಎಂದು ಯಾರೂ ನಿನಗೆ ಹೇಳಿಲ್ಲ. ನಾನೂ ಹೇಳಿಲ್ಲ.

ಮೊದಲನೆಯವ ಹಿಡಿದಜ್ಜ. ಇದ್ದವರಲ್ಲಿ ಕೆಲಸ ಮಾಡಿದವನು ಅವನೊಬ್ಬನೇ. ಎರಡನೆಯವ ಮಗಪ್ಪ. ಹಿಡಿದಜ್ಜನ ಮಗನಾಗಿರುವುದೇ ಅವನ ಉದ್ಯೋಗ. ಗುಂಡಿಯ ಅಂಚಿಗೆ ಹೋದರೆ ತಲೆಸುತ್ತು ಬರುತ್ತಿತ್ತಂತೆ. ಹತ್ತು ಮಾರು ದೂರ ಕೂತು ಹಗ್ಗ ಹಿಡಿಯುತ್ತಿದ್ದ, ಇಳಿಸುತ್ತಿದ್ದದ್ದು ಉಪ್ಪಿನ ಬುಟ್ಟಿ. ಮೂರನೆಯವ ಗೊರಕೆಯಜ್ಜ. ಅವನು ಮಲಗಿದ್ದಾಗ ಸುರಂಗ ಕುಸಿಯಿತೆಂದು ಎರಡು ಸಲ ಜನ ಓಡಿದ್ದರು. ಇಳಿಸಿದ್ದು ಕಲ್ಲಿದ್ದಲಿನ ಬುಟ್ಟಿ. ನಾಲ್ಕನೆಯವ ಮೌನಜ್ಜ. ಜೀವಮಾನದಲ್ಲಿ ಹನ್ನೊಂದು ಮಾತಾಡಿದ, ಅದರಲ್ಲಿ ಒಂಬತ್ತು 'ಊಂ'. ಐದನೆಯವ ನನ್ನಜ್ಜ, ಸೀಳುಗಡ್ಡದವ. ಒಂದು ಗಡ್ಡ ಸಭೆಗೆ, ಒಂದು ಗಡ್ಡ ಮನೆಗೆ ಎನ್ನುತ್ತಿದ್ದ. ಆರನೆಯವ ನಮ್ಮಪ್ಪ, ಅವನು ಇಳಿಸಿದ್ದೂ ಬುಟ್ಟಿಯನ್ನೇ. ಏಳನೆಯವನನ್ನು ನೀನು ಬಲ್ಲೆ.

ನಗಬೇಡ. ನಾನು ಹೇಳುತ್ತಿರುವುದನ್ನು ಗಮನಿಸು. ಹಿಡಿದಜ್ಜ ವೀರನನ್ನು ಇಳಿಸಿದ್ದು ಉರಿಹಾವಿನ ಬಿಲಕ್ಕೆ. ಅಲ್ಲಿ ಬಂಡೆಗಳೇ ಕಾದು ಕೆಂಪಾಗಿದ್ದವು ಎಂದು ಪುಸ್ತಕ ಎರಡು ಪುಟ ಬರೆದಿದೆ. ಒಂದು ಹನಿ ನೀರಿರಲಿಲ್ಲ. ಉಪ್ಪಿನ ಗುಂಡಿ ಒಣಗುಂಡಿ, ಕಲ್ಲಿದ್ದಲಿನದೂ ಒಣಗುಂಡಿ. ನಮ್ಮ ಗಂಟು ಆರು ತಲೆ ನೀರನ್ನೇ ಕಂಡಿರಲಿಲ್ಲ, ಮಗಳೇ. ಒಂದು ಮನೆಯ ಗಂಟನ್ನು ಇನ್ನೊಂದು ಮನೆ ನೋಡದ ಊರಲ್ಲಿ, ಇದು ನೆನೆದರೆ ಏನಾಗುತ್ತದೆ ಎಂದು ಯಾರು ಕೇಳಬೇಕಿತ್ತು?

ನೀನು ನಂಬುವುದಿಲ್ಲ ಎಂದು ಇವತ್ತು ಹಿತ್ತಿಲ ತೊಟ್ಟಿಯ ಹತ್ತಿರ ಪರೀಕ್ಷೆ ಮಾಡಿದೆ. ಒಣಹಗ್ಗಕ್ಕೆ ನಮ್ಮ ಗಂಟು ಹಾಕಿ ಬೀಸುವ ಕಲ್ಲು ನೇತುಹಾಕಿದೆ. ಅಲ್ಲಾಡಲಿಲ್ಲ. ಹಗ್ಗವನ್ನು ನೆನೆಸಿ ಅದೇ ಗಂಟು ಹಾಕಿದೆ, ಎಣಿಸತೊಡಗಿದೆ. ನಲವತ್ತಕ್ಕೆ ತುದಿ ಹಾವಿನಂತೆ ಹಿಂದಕ್ಕೆ ಸರಿಯಿತು. ಕಲ್ಲು ತೊಟ್ಟಿಗೆ ಬಿದ್ದು ನೀರೆಲ್ಲ ನಿನ್ನ ಅತ್ತೆಯ ಮೇಲೆ.

"ಕಾಲಲ್ಲಿ ಬರೆಯೋದು ಬಿಟ್ಟು ಈಗ ಕಲ್ಲಿಗೆ ಸ್ನಾನ ಮಾಡಿಸ್ತಿದ್ದೀಯಾ?" ಎಂದು ಕೂಗಿದಳು. ನಾನು ನಗಲಿಲ್ಲ. ಅವಳು ನನ್ನ ಮುಖ ನೋಡಿ, "ಏನಾಯ್ತೋ?" ಎಂದಳು. "ಮೊಣಕಾಲು" ಎಂದೆ.

ಎಂಟನೆಯ ಸುತ್ತು ಯಾರ ಹೆಸರಿಗೆ ಹಾಕಲಿ ಎಂದೂ ಕೇಳಿದ್ದೀಯ. ಎಷ್ಟು ಸುತ್ತು ಹಾಕಿದರೂ ಅಷ್ಟೇ. ತಪ್ಪಿರುವುದು ಸುತ್ತಿನಲ್ಲಲ್ಲ, ತುದಿಯಲ್ಲಿ. ತುದಿಯನ್ನು ನಾವು ಸುತ್ತುಗಳ ಕೆಳಗೆ ತೂರಿಸಿ ಸುಮ್ಮನಾಗುತ್ತೇವೆ. ಅದು ಸಾಲದು. ನಾರಜ್ಜನ ಗಂಟು ಹಾಕುತ್ತೇನೆ ಎಂದು ಒಂದು ಸಾಲು ಬರೆ. ಕಾಗದ ಅಲ್ಲಿಂದ ಇಲ್ಲಿಗೆ ಎರಡು ದಿನ. ಬುಧವಾರ ನಾನು ಟಪಾಲು ಕಟ್ಟೆಯಲ್ಲೇ ಕಾದಿರುತ್ತೇನೆ.

ದೇವರು ನಿನಗೆ ನನಗಿಂತ ಒಳ್ಳೆಯ ಬುದ್ಧಿ ಕೊಡಲಿ.

ನಿನ್ನ
ಅಪ್ಪ


ಕೆಳಬೀದಿ
ಹದಿನಾರನೇ ತಾರೀಖು, ಬುಧವಾರ

ಮಗಳೇ,

ನಿನ್ನ ಕಾಗದವನ್ನು ಕಟ್ಟೆಯ ಮೇಲೆ ನಿಂತೇ ಓದಿದೆ. ಟಪಾಲಿನವನು, "ಒಳ್ಳೇ ಸುದ್ದಿಯಾ, ಹಗ್ಗಪ್ಪ?" ಎಂದು ಕೇಳಿದ. "ನನ್ನ ಮಗಳು ನನ್ನನ್ನು ನಂಬಿದ್ದಾಳೆ" ಎಂದೆ. "ಅದಕ್ಯಾಕೆ ಹೀಗೆ ಬೆವರ್ತೀಯ?" ಎಂದ.

ನಿನ್ನ ಮಾತನ್ನು ನಿನಗೇ ತೋರಿಸುತ್ತೇನೆ: "ಕಲ್ಲು ಮನುಷ್ಯರಲ್ಲ ಅಪ್ಪ. ಕಲ್ಲು ಸುಮ್ಮನೆ ತೂಗುತ್ತೆ, ಮನುಷ್ಯರು ಹಗ್ಗ ಹಿಡ್ಕೋತಾರೆ. ನೀನು ವಯಸ್ಸಾಗಿ ಹೆದರಿದ್ದೀಯ. ಅಮ್ಮ ಇಳಿದದ್ದು ನೀರಿಗೇ ತಾನೇ? ಅವತ್ತು ಹರಿದದ್ದು ಆ ನಾರಜ್ಜನ ಹಗ್ಗ. ನಿನ್ನ ಗಂಟು ಹಿಡಿದಿತ್ತು. ಹಿಡಿದಿರದಿದ್ದರೆ ನೀನು ಅವತ್ತೇ ಹೇಳುತ್ತಿದ್ದೆ. ಅದಕ್ಕೇ ನನಗೆ ಧೈರ್ಯ. ಶುಕ್ರವಾರ ನಮ್ಮ ಗಂಟೇ ಹಾಕುತ್ತೇನೆ. ಅಮ್ಮನನ್ನು ಕೈಬಿಟ್ಟ ಹಗ್ಗ ಹೊಸೆದವನ ಗಂಟನ್ನು ನನ್ನ ಗೆಳತಿಯ ಸೊಂಟಕ್ಕೆ ಹಾಕು ಅಂತೀಯಲ್ಲ, ನಿನಗೆ ಹೇಗೆ ಮನಸ್ಸು ಬಂತು?"

ಇದನ್ನು ಎಷ್ಟು ಸಲ ಓದಿದೆನೋ. ವಾದ ಗಟ್ಟಿಯಾಗಿದೆ. ಎಳ್ಳಷ್ಟು ತಪ್ಪಿಲ್ಲ, ಬುಡವೊಂದು ಬಿಟ್ಟು.

ಮಧ್ಯಾಹ್ನದ ಬಂಡಿಗೆ ಈ ಕಾಗದ ಹೋದರೆ ಶುಕ್ರವಾರ ಬೆಳಗ್ಗೆ ನಿನ್ನ ಕೈ ಸೇರುತ್ತದೆ. ನಾನೇ ಬರುತ್ತೇನೆ, ಚೀಲಗಳ ಮಧ್ಯೆ ಕೂರಿಸಿಕೋ ಎಂದು ಟಪಾಲಿನವನನ್ನು ಕೇಳಿದೆ. "ಕೆಳಸುರಂಗದಲ್ಲಿ ಚೀಲವನ್ನೇ ಒದ್ದು ತೂರಿಸಬೇಕು, ನಿನ್ನನ್ನೂ ಒದೀಲಾ?" ಎಂದ. ಕುಳ್ಳನಿಗೂ ಸಾಲದಷ್ಟು ಕಿರಿದಾದ ಜಾಗ ಲೋಕದಲ್ಲಿದೆ ಎಂದು ಈ ವಯಸ್ಸಿನಲ್ಲಿ ತಿಳಿಯಿತು. ನಡೆದರೆ ನನ್ನ ಕಾಲಿಗೆ ನಾಲ್ಕು ದಿನ. ಹಾಗಾಗಿ ಕಾಗದವೇ ಬರುತ್ತಿದೆ. ಲಕೋಟೆಯ ಮೇಲೆ ನಿನ್ನ ಹೆಸರಿನ ಜೊತೆ ಮೇಸ್ತ್ರಿಯವರಿಗೂ ಎಂದು ಬರೆದು, 'ಯಾರನ್ನೂ ಇಳಿಸುವ ಮುಂಚೆ ಒಡೆದು ಓದಿ' ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದೇನೆ. ನಿನಗೆ ಅವಮಾನವಾಗಬಹುದು. ಆಗಲಿ.

ಈಗ ಗಂಟು. ನಿಧಾನವಾಗಿ ಓದು. ಸೊಂಟದ ಸುತ್ತ ಹಗ್ಗ ತಂದು, ಹಿಡಿದ ಕಡೆಯಲ್ಲಿ ಸಣ್ಣ ಕುಣಿಕೆ ಮಾಡು. ತುದಿಯನ್ನು ಕುಣಿಕೆಗೆ ~~ಮೇಲಿಂದ~~ ಕೆಳಗಿಂದ ತೂರಿಸು. ಮೇಲೆ ಹೋಗುವ ಹಗ್ಗವನ್ನು ಹಿಂದಿನಿಂದ ಒಮ್ಮೆ ಬಳಸಿ, ಬಂದ ಕುಣಿಕೆಯೊಳಗೇ ವಾಪಸು ತೂರಿಸು. ಎಳೆ. ನಿನ್ನ ಇಡೀ ಭಾರ ಹಾಕಿ ಎಳೆ. ತುದಿ ಒಂದು ಗೇಣು ಮಿಕ್ಕಿರಲಿ. ಹೆಸರು ಹೇಳಬೇಡ, ಹೆಸರಿನಿಂದ ಏನೂ ಬಿಗಿಯಾಗುವುದಿಲ್ಲ. ಹಗ್ಗವನ್ನು ಮೊದಲು ನೀರಲ್ಲಿ ನೆನೆಸಿ ಕಲ್ಲು ಕಟ್ಟಿ ಮುನ್ನೂರರವರೆಗೆ ಎಣಿಸು.

ಇನ್ನೊಂದು. ಯಾರನ್ನೂ ಬೆನ್ನು ತಿರುಗಿಸಿ ನಿಲ್ಲಿಸಬೇಡ. ಎಲ್ಲರನ್ನೂ ಕರೆದು ತೋರಿಸು. ಆ ಕೆಮ್ಮುವ ಹುಡುಗಿಗೆ ಮೊದಲು ತೋರಿಸು, ಸೊಂಟ ಅವಳದು. ತೊಗಲ ಪಟ್ಟಿ ಒಲೆಗೆ ಹಾಕು.

ನಿನ್ನ ಕೈಯಲ್ಲಿ ಯಾರ ಜೀವವೂ ಜಾರದಿರಲಿ. ನೀನು ನೂರು ವರ್ಷ ಸುಖವಾಗಿ ಬಾಳು, ರಾತ್ರಿ ಚೆನ್ನಾಗಿ ನಿದ್ದೆ ಮಾಡು. ಅದು ದೊಡ್ಡ ಆಶೀರ್ವಾದ ಎಂದು ನಿನಗಿನ್ನೂ ಗೊತ್ತಿಲ್ಲ.

ನಿನ್ನ
ಅಪ್ಪ

ತಾ.ಕ.: ಸಹಿ ಹಾಕಿ, ಮಡಚಿ, ಕಟ್ಟೆಗೆ ಹೊರಟವನು ನಾರಜ್ಜನ ಬಾಗಿಲಿಗೆ ಹೋದೆ. ಹತ್ತೊಂಬತ್ತು ವರ್ಷ ಆ ಬಾಗಿಲು ತಪ್ಪಿಸಲು ಬೀದಿ ಸುತ್ತಿ ನಡೆದಿದ್ದೇನೆ. "ನಿನ್ನ ಗಂಟನ್ನು ಸರಿಯಾಗಿ ಬರೆದಿದ್ದೇನಾ ನೋಡು" ಎಂದು ಅವನಿಗೆ ಇಡೀ ಕಾಗದ ಓದಿ ಹೇಳಿದೆ. ಅವನು ನೇಯುವುದನ್ನು ನಿಲ್ಲಿಸಲಿಲ್ಲ. "ಮೇಲಿಂದ ಅಲ್ಲ, ಕೆಳಗಿಂದ. ತಿದ್ದು" ಎಂದ. ಹೊಡೆದುಹಾಕಿ ತಿದ್ದಿದ್ದೇನೆ, ನೋಡಿರುತ್ತೀಯ.

"ಇಷ್ಟೇನಾ?" ಎಂದ.

"ಇಷ್ಟೇ."

"ನಿನ್ನ ಮಗಳು ಇದನ್ನ ಯಾಕೆ ನಂಬಬೇಕು?"

ಅವನಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಹಗ್ಗ ಹರಿದಿರಲಿಲ್ಲ, ಮಗಳೇ. ನಿನ್ನಮ್ಮ ತೂಬು ಬಿಡಿಸಿ ಮೂರು ಸಲ ಜಗ್ಗಿದಳು, ಎಳೆ ಎಂದು. ಎಳೆದೆ. ನಾಲ್ಕು ಮೊಳ ಭಾರವಾಗಿ ಬಂತು. ಆಮೇಲೆ ಹಗುರವಾಯಿತು. ತುದಿ ಮೇಲೆ ಬಂದಾಗ ಒಂದು ನಾರೂ ಕಿತ್ತಿರಲಿಲ್ಲ. ನಾನು ಹಾಕಿದ ಏಳು ಸುತ್ತಿನ ಸುಕ್ಕು ಮಾತ್ರ ಅದರಲ್ಲಿತ್ತು. ಉಳಿದವರು ಅವಳನ್ನು ಹುಡುಕಲು ಕೆಳದಾರಿಗೆ ಓಡಿದ್ದರು. ನಾನೊಬ್ಬನೇ ಇದ್ದೆ. ಹಗ್ಗವನ್ನು ಬಂಡೆಯ ಅಲಗಿಗೆ ಒತ್ತಿ ಉಜ್ಜಿದೆ, ಅಂಗೈ ಸುಲಿಯುವವರೆಗೆ, ತುಂಡಾಗುವವರೆಗೆ. ಸುಕ್ಕಿದ್ದ ತುಂಡನ್ನು ಗುಂಡಿಗೆ ಎಸೆದೆ. ಅವಳನ್ನು ಹುಡುಕಬೇಕಾದ ಹೊತ್ತಿನಲ್ಲಿ ಮಾಡಿದ ಕೆಲಸ ಇದು. ಸಭೆಯಲ್ಲಿ ಹಿರಿಯರು ಹರಿದ ತುದಿ ಎತ್ತಿ ಹಿಡಿದು "ಇದು ಯಾರು ಹೊಸೆದ ಹಗ್ಗ?" ಎಂದರು. "ನಾರಜ್ಜ" ಎಂದೆ. ಅದಂತೂ ಸುಳ್ಳಲ್ಲವಲ್ಲ.

ನಾರಜ್ಜನ ಕೈ ನಿಂತಿತು. ಒಳಗಿದ್ದ ಹೆಂಡತಿಯನ್ನು ಕರೆದ. "ಇನ್ನೊಂದು ಸಲ ಹೇಳು. ಇವಳೂ ಕೇಳಲಿ" ಎಂದ. ಹೇಳಿದೆ. ಕೇಳಿ ಮುಗಿದೊಡನೆ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾಳೆ ಸಭೆ ಕರೆಸಿ ಎಲ್ಲರ ಮುಂದೆ ಒಪ್ಪಿಕೊಳ್ಳುತ್ತೇನೆ, ಅವರು ಏನು ಮಾಡಿದರೂ ಸರಿ ಎಂದೆ. ಅವನು ನೇಯುತ್ತಿದ್ದ ಕಾಲೊರಸನ್ನು ನನ್ನ ಮುಂದೆ ಎಸೆದ.

"ಇದರ ಮೇಲೆ ಕೂತು ಬರೆ. ಈಗ ಹೇಳಿದೆಯಲ್ಲ, ಅದನ್ನ."

"ಅಜ್ಜಾ, ನಿನ್ನ ಹೆಸರು..."

"ನನ್ನ ಮಾತು ಆಮೇಲೆ ಕಣೋ. ಹತ್ತೊಂಬತ್ತು ವರ್ಷ ಕಾದಿದೆ, ಇನ್ನೆರಡು ದಿನ ಕಾಯುತ್ತೆ. ಆ ಕೆಮ್ಮೋ ಹುಡುಗಿ ಕಾಯಲ್ಲ. ಬರೆ, ಬೇಗ ಬರೆ!"

ಬರೆಯುತ್ತಿದ್ದೇನೆ. ಬಂಡಿಯ ಗಂಟೆ ಆಗಲೇ ಬೀದಿಯ ತುದಿಯಲ್ಲಿ ಕೇಳಿಸುತ್ತಿದೆ. ಅದನ್ನು ನಿಲ್ಲಿಸಲು ನಾರಜ್ಜ ಊರುಗೋಲು ಬಿಟ್ಟು ಓಡುತ್ತಿದ್ದಾನೆ.